ಪಿಕಪ್ ಗಾಡಿಯ ಟೈರಿಗೆ ಎಷ್ಟು ಗಾಳಿ ಇರಬೇಕು?

"ಎಷ್ಟು ಹಾಕ್ಲಿ ಅಣ್ಣ?" ಪೆಟ್ರೋಲ್ ಬಂಕಿನಲ್ಲಿ ಗಾಳಿ ಪೈಪ್ ಹಿಡಿದ ಹುಡುಗ ಹೀಗೆ ಕೇಳಿದಾಗ ಕಾರಿನವರು ಯೋಚನೆ ಮಾಡದೆ 33 ಅಂತಾರೆ. ಹೆಚ್ಚುಕಡಿಮೆ ಸರಿಯೇ ಇರುತ್ತೆ. ಯಾಕಂದ್ರೆ ಕಾರಿನಲ್ಲಿ ಒಬ್ಬರು ಕೂತರೂ ನಾಲ್ವರು ಕೂತರೂ ಒಟ್ಟು ತೂಕ ಅಷ್ಟೇನೂ ಬದಲಾಗಲ್ಲ. ಪಿಕಪ್ ಗಾಡಿಯ ಕಥೆ ಬೇರೆ. ಬೆಳಿಗ್ಗೆ ಸಾವಿರದ ಮುನ್ನೂರು ಕೆಜಿ ಹೊತ್ತುಕೊಂಡು ಬಂದ ಗಾಡಿ ಮಧ್ಯಾಹ್ನ ಖಾಲಿ ವಾಪಸ್ ಹೋಗುತ್ತೆ. ಒಂದೇ ದಿನದಲ್ಲಿ ಹಿಂದಿನ ಟೈರಿನ ಮೇಲಿನ ಭಾರ ಎರಡೂವರೆ ಪಟ್ಟು ಏರಿ ಇಳಿಯುತ್ತೆ. ಹೀಗಿರುವಾಗ "ಪಿಕಪ್‌ಗೆ ಸರಿಯಾದ ಗಾಳಿ ಎಷ್ಟು?" ಅನ್ನೋ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇರೋದಕ್ಕೆ ಸಾಧ್ಯವೇ ಇಲ್ಲ. ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಒಂದು, ಲೋಡ್ ಇದ್ದಾಗ ಒಂದು, ಇಲ್ಲದಿದ್ದಾಗ ಇನ್ನೊಂದು.

ನಮ್ಮ ಹಾಸ್ಟೆಲ್ ಮೆಸ್‌ಗೆ ಕೋಲಾರದ ಕಡೆಯಿಂದ ತರಕಾರಿ ತರುವ ಪಿಕಪ್‌ನ ಡ್ರೈವರ್ ಅಣ್ಣ ಇದ್ದಾರೆ. ಅವರದು "ನಾಲ್ಕಕ್ಕೂ 45 ಹಾಕ್ಬಿಡಪ್ಪ" ಅನ್ನೋ ಪಾಲಿಸಿ. ಕಳೆದ ಏಪ್ರಿಲ್‌ನಲ್ಲಿ ಹೊಸಕೋಟೆ ದಾಟುವಾಗ ಅವರ ಹಿಂದಿನ ಎಡಗಡೆ ಟೈರ್ ಒಡೀತು. ಗಾಡಿ ಪಕ್ಕಕ್ಕೆ ಎಳೆದರೂ ಹೇಗೋ ಹಿಡಿದು ನಿಲ್ಲಿಸಿದ್ರು, ಯಾರಿಗೂ ಏನೂ ಆಗಲಿಲ್ಲ. ಆದ್ರೆ ಮೇಲಿನ ಎರಡು ಸಾಲು ಟೊಮೆಟೊ ರಸ್ತೆ ಪಾಲಾಯ್ತು, ಒಂದು ದಿನದ ಬಾಡಿಗೆ ಹೋಯ್ತು, ಹೊಸ ಟೈರಿನ ಖರ್ಚು ಬೇರೆ. "ಗಾಳಿ ಸರಿಯಾಗೇ ಇತ್ತಲ್ಲ, ಹಿಂದಿನ ದಿನ ತಾನೇ ಹಿಡಿಸಿದ್ದೆ" ಅನ್ನೋದು ಅವರ ಬೇಸರ. ಗಾಡಿ ಸೆಕೆಂಡ್ ಹ್ಯಾಂಡ್. ಬಾಗಿಲ ಹತ್ತಿರದ ಸ್ಟಿಕ್ಕರ್ ಹಿಂದಿನ ಮಾಲೀಕರು ಬಣ್ಣ ಹೊಡೆಸಿದಾಗ ಮುಚ್ಚಿಹೋಗಿದೆ, ಮ್ಯಾನ್ಯುಯಲ್ ಅಂತೂ ಇಲ್ಲವೇ ಇಲ್ಲ. ಸರಿ, ಲೆಕ್ಕ ಹಾಕಿಯೇ ನೋಡೋಣ ಅಂತ ನಾವು ಮೂರು ಜನ ಕೂತೆವು. ಈ ಲೇಖನ ಆ ಲೆಕ್ಕದ್ದು.

ಮೊದಲು ಒಂದು ಮೂಲ ವಿಷಯ. ಗಾಡಿಯ ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರುವ ಗಾಳಿ. ರಬ್ಬರ್, ದಾರ, ಉಕ್ಕಿನ ತಂತಿ ಇವೆಲ್ಲ ಸೇರಿ ಆ ಗಾಳಿಯನ್ನು ಹಿಡಿದಿಡುವ ಚೀಲ ಅಷ್ಟೆ. ಚಕ್ರದ ಮೇಲೆ ಬೀಳುವ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ಟೈರ್ ರಸ್ತೆಗೆ ತಾಗುವ ಜಾಗ ಎಷ್ಟು ಅಂತ ಸುಮಾರಾಗಿ ಸಿಗುತ್ತೆ. ಪಿಯುಸಿಯಲ್ಲಿ ಓದಿದ ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ, ಅದೇ. ಟೈರಿನ ಪಕ್ಕದ ಗೋಡೆಯ ಗಡಸುತನವೂ ಸ್ವಲ್ಪ ಭಾರ ಹೊರುತ್ತೆ, ಅದನ್ನ ಈಗ ಬಿಡೋಣ. 45 ಪಿಎಸ್‌ಐ ಅಂದ್ರೆ ಸುಮಾರು 310 ಕಿಲೋಪಾಸ್ಕಲ್. ಖಾಲಿ ಪಿಕಪ್‌ನ ಹಿಂದಿನ ಒಂದು ಚಕ್ರದ ಮೇಲೆ 350 ಕೆಜಿ ಇದ್ದರೆ ತಾಗುವ ಜಾಗ ಸುಮಾರು 110 ಚದರ ಸೆಂಟಿಮೀಟರ್, ಒಂದು ಪೋಸ್ಟ್ ಕಾರ್ಡಿಗಿಂತ ಚಿಕ್ಕದು. ಅದೇ 45ರಲ್ಲಿ ಅದೇ ಚಕ್ರದ ಮೇಲೆ 900 ಕೆಜಿ ಬಿದ್ದರೆ 285 ಚದರ ಸೆಂಟಿಮೀಟರ್ ಬೇಕಾಗುತ್ತೆ. ಅಷ್ಟು ಜಾಗ ತಾಗಬೇಕು ಅಂದ್ರೆ ಟೈರ್ ಚಪ್ಪಟೆ ಆಗಲೇಬೇಕು.

ಚಪ್ಪಟೆ ಆದ್ರೆ ಏನಂತೆ? ನಿಂತಾಗ ಏನೂ ಇಲ್ಲ. ಓಡುವಾಗ ಇದೆ ವಿಷಯ. 15 ಇಂಚಿನ ರಿಮ್ಮಿನ ಲೋಡ್ ಗಾಡಿ ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಏಳೆಂಟು ಸುತ್ತು. ಕೋಲಾರದಿಂದ ಬೆಂಗಳೂರಿಗೆ ಬರೋಷ್ಟರಲ್ಲಿ ಸುಮಾರು 30 ಸಾವಿರ ಸುತ್ತು. ಪ್ರತಿ ಸುತ್ತಿನಲ್ಲೂ ಟೈರಿನ ಪ್ರತಿಯೊಂದು ಭಾಗ ಒಂದು ಸಲ ಮಡಚಿ ಮತ್ತೆ ನೆಟ್ಟಗಾಗುತ್ತೆ. ರಬ್ಬರ್ ಸ್ಪ್ರಿಂಗ್ ಥರ ಅಲ್ಲ, ಮಡಚುವಾಗ ಕೊಟ್ಟ ಶಕ್ತಿಯನ್ನು ಪೂರ್ತಿ ವಾಪಸ್ ಕೊಡಲ್ಲ. ಉಳಿದದ್ದು ಬಿಸಿಯಾಗುತ್ತೆ. ಒಂದು ತಂತಿಯನ್ನ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವಾಗ ಬಗ್ಗಿದ ಜಾಗ ಬೆರಳಿಗೆ ಬಿಸಿ ತಾಗುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಜಾಸ್ತಿ, ಮಡಿಕೆ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ. ಬಿಸಿಗೆ ರಬ್ಬರ್ ಮತ್ತು ತಂತಿಪದರದ ನಡುವಿನ ಹಿಡಿತ ಸಡಿಲ ಆಗುತ್ತೆ, ಕೊನೆಗೊಂದು ದಿನ ಪದರ ಬಿಟ್ಟುಕೊಳ್ಳುತ್ತೆ. ಏಪ್ರಿಲ್ ಬಿಸಿಲಿನ ರಸ್ತೆ ಇದಕ್ಕೆ ಇನ್ನಷ್ಟು ಸಹಾಯ ಮಾಡುತ್ತೆ. "ಬಿಸಿಲಿಗೆ ಗಾಳಿ ಜಾಸ್ತಿಯಾಗಿ ಒಡೀತು" ಅಂತ ಜನ ಹೇಳೋದನ್ನ ನೀವೂ ಕೇಳಿರ್ತೀರಿ. ಎಷ್ಟೋ ಸಲ ನಡೆದಿರೋದು ಇದಕ್ಕೆ ಉಲ್ಟಾ: ಹೊತ್ತ ಭಾರಕ್ಕೆ ಗಾಳಿ ಕಡಿಮೆ ಇತ್ತು.

ಇದು ಸಣ್ಣ ವಿಷಯ ಅಲ್ಲ ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಅನ್ನೋ ಎಸ್‌ಯುವಿಯ ಮೂಲ ಅದೇ ಕಂಪನಿಯ ರೇಂಜರ್ ಪಿಕಪ್. ಅದಕ್ಕೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳಿಗೆ ಫೋರ್ಡ್ ಹೇಳಿದ ಒತ್ತಡ 26 ಪಿಎಸ್‌ಐ. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತು ಬಂದು ಗಾಡಿಗಳು ಉರುಳತೊಡಗಿದವು, 200ಕ್ಕೂ ಹೆಚ್ಚು ಜನ ಸತ್ತರು. 2000ನೇ ಇಸವಿಯ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯ್ತು. ಆಮೇಲೆ ಫೈರ್‌ಸ್ಟೋನ್ ಕಡೆಯವರು 30 ಇರಬೇಕು ಅಂದ್ರು. ಗಾಳಿ ಒಂದೇ ಕಾರಣ ಅಲ್ಲ. ಟೈರಿನ ವಿನ್ಯಾಸ, ತಯಾರಿಕೆಯ ದೋಷ, ವೇಗ, ಬಿಸಿಲು, ಗಾಡಿಯ ಎತ್ತರ ಎಲ್ಲದರ ಬಗ್ಗೆಯೂ ಎರಡು ಕಂಪನಿಗಳು ಕಿತ್ತಾಡಿದವು. ಆದ್ರೆ 26ಕ್ಕೂ 30ಕ್ಕೂ ನಡುವಿನ ನಾಲ್ಕು ಪಿಎಸ್‌ಐ ಆ ಜಗಳದ ಮಧ್ಯದಲ್ಲೇ ಇತ್ತು. ಇವತ್ತು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿ ಕಡಿಮೆ ಅಂತ ಮಿನುಗುವ ಹಳದಿ ದೀಪ ಇದೆಯಲ್ಲ, ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿದ ಕಾನೂನು ಬಂದದ್ದು ಈ ಪ್ರಕರಣದ ಬೆನ್ನಿಗೆ.

ಈಗ ಲೆಕ್ಕಕ್ಕೆ ಬರೋಣ. ಮೊದಲ ಹೆಜ್ಜೆ ಯಾವಾಗಲೂ ಗಾಡಿ ಕಂಪನಿಯ ಸ್ಟಿಕ್ಕರ್. ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರ್ತಾರೆ, ಇಲ್ಲಾಂದ್ರೆ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಲೋಡ್ ಗಾಡಿಯಾದರೆ ಖಾಲಿಗೆ ಬೇರೆ, ಲೋಡ್‌ಗೆ ಬೇರೆ ಸಂಖ್ಯೆ ಕೊಟ್ಟಿರುವುದೂ ಉಂಟು. ಸ್ಟಿಕ್ಕರ್ ಇದ್ದು, ಟೈರ್ ಕೂಡ ಕಂಪನಿ ಸೈಜೇ ಆಗಿದ್ದರೆ ನೀವು ಇಲ್ಲಿಗೇ ಓದು ನಿಲ್ಲಿಸಬಹುದು.

ಸ್ಟಿಕ್ಕರ್ ಇಲ್ಲ ಅಂದ್ರೆ ಜನ ನೋಡೋದು ಟೈರಿನ ಮೇಲೆ ಬರೆದಿರೋದನ್ನ. ನಮ್ಮ ಅಣ್ಣನ ಟೈರಿನ ಮೇಲೆ ಹೀಗಿತ್ತು: 195 ಆರ್ 15 ಎಲ್‌ಟಿ, ಪಕ್ಕದಲ್ಲಿ 106/104, ಕೆಳಗೆ ಸಣ್ಣಕ್ಷರದಲ್ಲಿ ಮ್ಯಾಕ್ಸ್ ಲೋಡ್ 950 ಕೆಜಿ, 450 ಕಿಲೋಪಾಸ್ಕಲ್, ಕೋಲ್ಡ್. 195 ಅಂದ್ರೆ ಮಿಲಿಮೀಟರ್‌ನಲ್ಲಿ ಅಗಲ, ಆರ್ ಅಂದ್ರೆ ರೇಡಿಯಲ್, 15 ರಿಮ್ಮಿನ ಇಂಚು, ಎಲ್‌ಟಿ ಅಂದ್ರೆ ಲೈಟ್ ಟ್ರಕ್. 106 ಅನ್ನೋದು ಲೋಡ್ ಇಂಡೆಕ್ಸ್, ಕೆಜಿ ಅಲ್ಲ. ಅದಕ್ಕೊಂದು ಟೇಬಲ್ ಇದೆ: 100 ಅಂದ್ರೆ 800 ಕೆಜಿ, 104 ಅಂದ್ರೆ 900, 106 ಅಂದ್ರೆ 950. ಎರಡು ಸಂಖ್ಯೆ ಯಾಕಂದ್ರೆ, ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಒಂದೇ ಪಕ್ಕದಲ್ಲಿ ಜೋಡಿ ಚಕ್ರ ಇರೋ ಗಾಡಿಗೆ. ಜೋಡಿಯಲ್ಲಿ ಎರಡೂ ಸಮ ಭಾರ ಹೊರುತ್ತವೆ ಅನ್ನೋ ಖಾತ್ರಿ ಇರಲ್ಲ, ಅದಕ್ಕೇ ಸ್ವಲ್ಪ ಕಡಿಮೆ.

ಈ 450 ಕಿಲೋಪಾಸ್ಕಲ್ ಅಂದ್ರೆ 65 ಪಿಎಸ್‌ಐ. ಇದು "ಇಷ್ಟು ಹಾಕಿ" ಅನ್ನೋ ಸಲಹೆ ಅಲ್ಲ. 950 ಕೆಜಿ ಹೊರಬೇಕಾದರೆ ಇಷ್ಟು ಬೇಕು ಅಂತ ಅರ್ಥ. ಕಡಿಮೆ ಹೊರೋದಾದ್ರೆ ಕಡಿಮೆ ಸಾಕು. ಅಂದ್ರೆ ನಮಗೆ ಬೇಕಾಗಿರೋದು ಒಂದೇ ಮಾಹಿತಿ: ಪ್ರತಿ ಚಕ್ರದ ಮೇಲೆ ನಿಜವಾಗಿ ಎಷ್ಟು ಭಾರ ಇದೆ?

ಅದಕ್ಕೆ ವೇಬ್ರಿಡ್ಜ್ ಸಾಕು. ಎಪಿಎಂಸಿ ಹತ್ತಿರ, ಜಲ್ಲಿ ಕ್ರಷರ್ ಹತ್ತಿರ ಎಲ್ಲ ಕಡೆ ಇರ್ತಾವೆ. ಇಡೀ ಗಾಡಿ ತೂಗಿಸಿ, ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲಿರೋ ಹಾಗೆ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ, ಕಳೆದರೆ ಹಿಂದಿನ ಆಕ್ಸಲ್ ಭಾರ ಸಿಗುತ್ತೆ. ತೂಕದವರು "ಯಾಕ್ರಪ್ಪಾ ಎರಡು ಸಲ?" ಅಂತ ನೋಡ್ತಾರೆ, ನೋಡಲಿ. ಖಾಲಿ ಗಾಡಿ ಒಟ್ಟು 1700 ಕೆಜಿ ಬಂತು. ಮುಂದೆ 1000, ಹಿಂದೆ 700. ಎಂಜಿನ್ ಮುಂದಿರೋದ್ರಿಂದ ಖಾಲಿ ಪಿಕಪ್‌ನ ಹಿಂಭಾಗ ನಿಜಕ್ಕೂ ಹಗುರ.

ಇನ್ನು ಲೋಡ್. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಲೆಕ್ಕ 15 ಕೆಜಿಯದು. 80 ಬಾಕ್ಸ್ ಅಂದ್ರೆ 1200 ಕೆಜಿ, ಕ್ರೇಟುಗಳ ತೂಕವೂ ಸೇರಿ 1300 ಅಂತ ಹಿಡಿದೆವು. ಇದರಲ್ಲಿ ಎಷ್ಟು ಮುಂದಕ್ಕೆ, ಎಷ್ಟು ಹಿಂದಕ್ಕೆ? ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಎರಡು ಆಧಾರದ ಮೇಲೆ ಬೀಮ್ ಇಟ್ಟು ಮೊಮೆಂಟ್ ತಗೊಳ್ತಿದ್ದೆವಲ್ಲ, ಈ ಗಾಡಿ ಅದೇ ಬೀಮು. (ಆ ಸಬ್ಜೆಕ್ಟ್ ಯಾವತ್ತೂ ಉಪಯೋಗಕ್ಕೆ ಬರಲ್ಲ ಅಂದವರು ದಯವಿಟ್ಟು ಗಮನಿಸಿ.) ಎರಡು ಆಕ್ಸಲ್ ನಡುವಿನ ದೂರ ಸುಮಾರು 3 ಮೀಟರ್. ಡೆಕ್ಕಿನ ಮಧ್ಯಭಾಗ ಹಿಂದಿನ ಆಕ್ಸಲ್‌ಗಿಂತ 45 ಸೆಂಟಿಮೀಟರ್ ಮಾತ್ರ ಮುಂದಿದೆ. 0.45 ಭಾಗಿಸು 3, ಅಂದ್ರೆ ಶೇಕಡಾ 15 ಮುಂದಿನ ಆಕ್ಸಲ್‌ಗೆ, ಉಳಿದ 85 ಹಿಂದಿನದಕ್ಕೆ. 1300ರಲ್ಲಿ 195 ಮುಂದೆ, 1105 ಹಿಂದೆ. ಲೋಡ್ ಆದ ಮೇಲೆ ಮುಂದೆ 1195, ಹಿಂದೆ 1805. ಮಾರನೇ ವಾರ ಅಣ್ಣ ಲೋಡ್ ಸಮೇತ ತೂಗಿಸಿ ಚೀಟಿ ತಂದುಕೊಟ್ಟರು. ಹಿಂದೆ 1790 ಇತ್ತು. ನಮಗೆ ಲ್ಯಾಬ್‌ನಲ್ಲಿ ಯಾವತ್ತೂ ಇಷ್ಟು ಹತ್ತಿರದ ರೀಡಿಂಗ್ ಬಂದಿಲ್ಲ.

ಈಗ ಒಂದು ಚಕ್ರಕ್ಕೆ ಹಂಚೋಣ. ಖಾಲಿ ಇದ್ದಾಗ ಮುಂದೆ 500, ಹಿಂದೆ 350 ಕೆಜಿ. ಲೋಡ್ ಇದ್ದಾಗ ಮುಂದೆ ಸುಮಾರು 600, ಹಿಂದೆ ಸುಮಾರು 900. ಒತ್ತಡಕ್ಕೆ ಸುಲಭ ಸೂತ್ರ: ಹೊರುವ ಭಾರವನ್ನು ಗರಿಷ್ಠ ಭಾರದಿಂದ ಭಾಗಿಸಿ, ಗರಿಷ್ಠ ಒತ್ತಡದಿಂದ ಗುಣಿಸಿ. ನಿಜವಾದ ಸಂಬಂಧ ಇಷ್ಟು ನೇರ ರೇಖೆ ಅಲ್ಲ, ಟೈರ್ ಕಂಪನಿಗಳ ಲೋಡ್ ಟೇಬಲ್‌ನಲ್ಲಿ ಅದು ಸ್ವಲ್ಪ ಬಾಗಿದ ಗೆರೆ. ಆದ್ರೆ ನೇರ ಲೆಕ್ಕ ಟೇಬಲ್‌ಗಿಂತ ತುಸು ಜಾಸ್ತಿ ಗಾಳಿಯನ್ನೇ ಹೇಳುತ್ತೆ, ಅಂದ್ರೆ ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತೆ. ಟೇಬಲ್ ಸಿಕ್ಕರೆ ಟೇಬಲ್ಲನ್ನೇ ನಂಬಿ.

ಮುಂದಿನ ಚಕ್ರಕ್ಕೆ ಖಾಲಿಯಲ್ಲಿ 34, ಲೋಡ್‌ನಲ್ಲಿ 41 ಬಂತು. ಹಿಂದಿನದಕ್ಕೆ ಖಾಲಿಯಲ್ಲಿ 24, ಲೋಡ್‌ನಲ್ಲಿ 62. ಅಣ್ಣ ನಾಲ್ಕಕ್ಕೂ ಹಾಕಿಸುತ್ತಿದ್ದದ್ದು 45. ಅಂದ್ರೆ ಮುಂದೆ ಯಾವಾಗಲೂ ಸ್ವಲ್ಪ ಜಾಸ್ತಿ. ಹಿಂದೆ ಖಾಲಿ ಇದ್ದಾಗ ಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ಲೋಡ್ ಇದ್ದಾಗ ತುಂಬಾ ಕಡಿಮೆ. 45ರಲ್ಲಿ ಆ ಟೈರ್ ಹೊರಬಲ್ಲದ್ದು ನಮ್ಮ ನೇರ ಲೆಕ್ಕದಲ್ಲಿ ಸುಮಾರು 660 ಕೆಜಿ. ಟೇಬಲ್‌ನಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಸಿಗಬಹುದು, ಆದ್ರೆ 900 ಅಂತೂ ಖಂಡಿತ ಅಲ್ಲ. "ಸರಾಸರಿ" ಒತ್ತಡ ಹಾಕಿ ಎರಡು ಕಡೆಯೂ ತಪ್ಪಿದ ಹಾಗಾಯ್ತು.

ಅಣ್ಣ ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದರು. ಅವರ ಮಾಡೆಲ್‌ಗೆ, ಆ ಟೈರಿಗೆ, ಪೂರ್ತಿ ಲೋಡ್‌ಗೆ ಮುಂದೆ 40, ಹಿಂದೆ 65 ಅಂದರಂತೆ. ಇದು ಅವರ ಗಾಡಿಯ ಅಂಕಿ ಮಾತ್ರ. ನಿಮ್ಮ ಮಾವನ ಪಿಕಪ್‌ಗೆ ಇದನ್ನೇ ಹಾಕಿಸಬೇಡಿ, ಟೈರ್ ಬೇರೆ ಇದ್ದರೆ ಗರಿಷ್ಠವೇ ಬೇರೆ ಇರುತ್ತೆ.

ಇದೆಲ್ಲ ಕೇಳಿ ಅವರು ಎತ್ತಿದ ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. "ಬರೋವಾಗ ಲೋಡು, ಹೋಗೋವಾಗ ಖಾಲಿ. ದಿನಾ ಗಾಳಿ ಬಿಟ್ಟು ದಿನಾ ಹಿಡಿಸೋಕಾಗುತ್ತಾ ತಮ್ಮಾ?" ಆಗಲ್ಲ. ಎರಡು ತಪ್ಪುಗಳಲ್ಲಿ ಒಂದನ್ನ ಆರಿಸಿಕೊಳ್ಳಬೇಕು ಅಂದ್ರೆ ನಾವು ಲೋಡ್ ಒತ್ತಡವನ್ನೇ ಇಟ್ಟುಕೊಳ್ಳಿ ಅಂತೀವಿ. ಖಾಲಿ ಗಾಡಿಯಲ್ಲಿ ಗಾಳಿ ಜಾಸ್ತಿ ಇದ್ದರೆ ಹಿಂದುಗಡೆ ಕುಣಿಯುತ್ತೆ, ಟೈರಿನ ಮಧ್ಯಭಾಗ ಬೇಗ ಸವೆಯುತ್ತೆ, ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರಬಹುದು. ಈ ಕೊನೆಯದು ತಮಾಷೆ ಅಲ್ಲ, ಖಾಲಿ ಪಿಕಪ್ ಓಡಿಸುವಾಗ ನಿಧಾನ ಬೇಕು. ಆದ್ರೆ ಗಾಳಿ ಕಡಿಮೆ ಇಟ್ಟು ಲೋಡ್ ಹೊತ್ತರೆ ಟೈರೇ ಒಳಗಿಂದ ಹಾಳಾಗುತ್ತೆ, ಅದೂ ಹೊರಗೆ ಕಾಣದ ಹಾಗೆ. ವಾರಗಟ್ಟಲೆ ಬಾಡಿಗೆ ಇಲ್ಲದೆ ಖಾಲಿ ಓಡಾಡೋದಾದ್ರೆ ಆಗ ಇಳಿಸಿಕೊಳ್ಳಬಹುದು. ನಮ್ಮ ಲೆಕ್ಕದಲ್ಲಿ 24 ಬಂತು ಅಂತ 24ಕ್ಕೆ ಇಳಿಸೋದು ಬೇಡ, ಕಂಪನಿ ಖಾಲಿಗೆ ಹೇಳುವ ಸಂಖ್ಯೆಗಿಂತ ಕೆಳಗೆ ಹೋಗಬಾರದು.

ಇನ್ನೊಂದು ನಂಬಿಕೆ ಇದೆ: "ಲೋಡ್ ಜಾಸ್ತಿಯಾದ್ರೆ ಗಾಳಿ ಜಾಸ್ತಿ ಹಾಕ್ಸಿದ್ರಾಯ್ತು." 1300ರ ಬದಲು 1800 ಕೆಜಿ ಹೇರಿದರೆ ಹಿಂದಿನ ಒಂದು ಚಕ್ರದ ಮೇಲೆ 1100 ಕೆಜಿ ದಾಟುತ್ತೆ. ಟೈರಿನ ಗರಿಷ್ಠವೇ 950. ಆಮೇಲೆ 70 ಹಾಕಿ, 80 ಹಾಕಿ, ಅದಕ್ಕೆ ಉತ್ತರ ಗಾಳಿಯಲ್ಲಿ ಇಲ್ಲ. ಎರಡು ಟ್ರಿಪ್ ಹೊಡೀಬೇಕು ಅಷ್ಟೆ.

ಸರಿ, ಸಂಖ್ಯೆ ಗೊತ್ತಾಯ್ತು. ಅಳೆಯೋದು ಯಾವಾಗ? ಟೈರಿನ ಮೇಲೆ "ಕೋಲ್ಡ್" ಅಂತ ಬರೆದಿದ್ದನ್ನ ಗಮನಿಸಿದ್ರಾ? ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ಬೆಳಿಗ್ಗೆ 25 ಡಿಗ್ರಿಯಲ್ಲಿ 60 ಇದ್ದ ಟೈರಿನ ಗಾಳಿ ಓಡಿ ಓಡಿ 65 ಡಿಗ್ರಿಗೆ ಏರಿತು ಅನ್ನಿ. ಇಲ್ಲಿ 65 ಭಾಗಿಸು 25 ಮಾಡಬಾರದು! ತಾಪಮಾನ ಕೆಲ್ವಿನ್‌ನಲ್ಲಿ ಇರಬೇಕು, ಒತ್ತಡಕ್ಕೆ ವಾತಾವರಣದ 14.7 ಸೇರಿಸಬೇಕು. 74.7 ಗುಣಿಸು 338 ಭಾಗಿಸು 298, ಅಂದ್ರೆ 84.7. ಅದರಿಂದ 14.7 ಕಳೆದರೆ ಮೀಟರ್ ತೋರಿಸೋದು 70. ಹತ್ತು ಪಿಎಸ್‌ಐ ಏರಿಕೆ, ಅದು ಸಹಜ, ಟೈರ್ ಮಾಡುವವರು ಇದನ್ನ ಲೆಕ್ಕಕ್ಕೆ ತಗೊಂಡೇ "ಕೋಲ್ಡ್" ಅಂತ ಬರೆದಿರೋದು. ಆದ್ರೆ ಹೈವೇಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿ, ಮೀಟರ್ 70 ತೋರಿಸ್ತು ಅಂತ ಹತ್ತು ಬಿಟ್ಟರೆ ಮಾರನೇ ಬೆಳಿಗ್ಗೆ ತಣ್ಣಗಾದ ಮೇಲೆ 51 ಇರುತ್ತೆ. ಬಿಸಿ ಟೈರಿನಿಂದ ಗಾಳಿ ಬಿಡಲೇಬಾರದು. ಬಿಸಿ ಇದ್ದಾಗಲೂ ಕಡಿಮೆ ತೋರಿಸ್ತಿದ್ರೆ ಮಾತ್ರ ತುಂಬಿಸಿ, ಮಾರನೇ ಬೆಳಿಗ್ಗೆ ಮತ್ತೆ ಅಳೆಯಿರಿ.

(ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ವಾತಾವರಣದ ಒತ್ತಡ ಸುಮಾರು 13.2 ಅಷ್ಟೇ. ಚೆನ್ನೈನಲ್ಲಿ ಗಾಳಿ ಹಿಡಿಸಿ ಇಲ್ಲಿಗೆ ಬಂದರೆ, ತಾಪಮಾನ ಅದೇ ಇದ್ದರೂ ಮೀಟರ್ ಒಂದೂವರೆ ಜಾಸ್ತಿ ತೋರಿಸುತ್ತೆ. ಕ್ವಿಜ್‌ಗೆ ಇಟ್ಟುಕೊಳ್ಳಿ.)

ನೈಟ್ರೋಜನ್ ಹಾಕಿಸಿದ್ರೆ ಬಿಸಿಗೆ ಏರಲ್ಲವಂತೆ ಅಂತ ಕೇಳೋರಿಗೆ: ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಮೇಲಿನ ಲೆಕ್ಕ ಎರಡಕ್ಕೂ ಒಂದೇ.

ಮೀಟರ್ ಬಗ್ಗೆ ಒಂದು ಮಾತು. ಒಂದೇ ಟೈರನ್ನು ನಾವು ಮೂರು ಕಡೆ ಅಳೆಸಿದಾಗ ಮೂರು ಸಂಖ್ಯೆ ಬಂತು. ಕೆಲವು ನೂರು ರೂಪಾಯಿಗೆ ಸ್ವಂತದ ಗೇಜ್ ಸಿಗುತ್ತೆ, ಒಂದೇ ಗೇಜಿನಲ್ಲಿ ಯಾವಾಗಲೂ ಅಳೆದರೆ ಕೊನೇಪಕ್ಷ ಏರಿತಾ ಇಳೀತಾ ಅಂತ ಗೊತ್ತಾಗುತ್ತೆ.

ಮೀಟರ್ ಇಲ್ಲದೆಯೂ ಟೈರ್ ತಾನೇ ಕಥೆ ಹೇಳುತ್ತೆ. ಎರಡೂ ಅಂಚು ಸವೆದಿದ್ದರೆ ಬಹಳ ದಿನ ಗಾಳಿ ಕಡಿಮೆ ಇತ್ತು. ಮಧ್ಯ ಮಾತ್ರ ಸವೆದಿದ್ದರೆ ಜಾಸ್ತಿ ಇತ್ತು. ಒಂದೇ ಅಂಚು ಸವೆದಿದ್ದರೆ ಅದು ಅಲೈನ್‌ಮೆಂಟ್ ತೊಂದರೆ ಇರಬಹುದು. ಸವೆಯುವ ತನಕ ಕಾಯೋಕೆ ಇಷ್ಟ ಇಲ್ಲದವರಿಗೆ ಚಾಕ್‌ಪೀಸ್ ಪರೀಕ್ಷೆ ಇದೆ. ಟೈರಿನ ಮೇಲೆ ಅಡ್ಡಕ್ಕೆ ಒಂದು ದಪ್ಪ ಗೆರೆ ಎಳೆದು, ಸಮತಟ್ಟು ರಸ್ತೆಯಲ್ಲಿ ನೆಟ್ಟಗೆ ಸ್ವಲ್ಪ ದೂರ ಓಡಿಸಿ ನೋಡಿ. ಗೆರೆ ಪೂರ್ತಿ ಸಮವಾಗಿ ಅಳಿಸಿದ್ದರೆ ಟೈರ್ ಅಗಲಕ್ಕೂ ತಾಗುತ್ತಿದೆ. ಮಧ್ಯ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. ಕ್ಲಾಸಿನಿಂದ ಚಾಕ್‌ಪೀಸ್ ತಂದದ್ದಕ್ಕೆ ಇದಕ್ಕಿಂತ ಒಳ್ಳೆ ಉಪಯೋಗ ನಮಗೆ ಕಂಡಿಲ್ಲ. ಆದ್ರೆ ಇದು ಗೆರೆ ಎಳೆದಾಗ ಇದ್ದ ಭಾರಕ್ಕೆ ಮಾತ್ರ ಸತ್ಯ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿ ಆ ಒತ್ತಡದಲ್ಲಿ ಲೋಡ್ ಹೊರಿಸಿದರೆ ಮತ್ತೆ ಹೊಸಕೋಟೆ ಕಥೆಯೇ.

ಪಿಕಪ್ ಇಲ್ಲದವರಿಗೂ ಇದರಲ್ಲಿ ಸ್ವಲ್ಪ ಇದೆ. ನಿಮ್ಮ ಬೈಕಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್ ನೋಡಿ, ಹಿಂದಿನ ಚಕ್ರಕ್ಕೆ ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಒಂದು ಸಂಖ್ಯೆ ಇರುತ್ತೆ. ನಂದಿ ಬೆಟ್ಟಕ್ಕೆ ಇಬ್ಬರು ಹೊರಡೋ ಬೆಳಿಗ್ಗೆ ಎಷ್ಟು ಜನ ಅದನ್ನ ನೋಡ್ತೀರೋ ಗೊತ್ತಿಲ್ಲ.

ಕೊನೆಗೆ ಸ್ಟೆಪ್ನಿ. ಗಾಡಿ ಕೆಳಗೆ ನೇತಾಡುವ ಆ ಐದನೇ ಟೈರನ್ನು ಯಾರೂ ಅಳೆಯಲ್ಲ. ಅಣ್ಣನ ಸ್ಟೆಪ್ನಿಯಲ್ಲಿ ನಾವು ನೋಡಿದಾಗ 18 ಇತ್ತು, ಅಂದ್ರೆ ಪಂಕ್ಚರ್ ಆದ ಟೈರಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅದು ಮುಂದಕ್ಕೆ ಬೇಕಾಗುತ್ತೋ ಹಿಂದಕ್ಕೋ ಮೊದಲೇ ಗೊತ್ತಿರಲ್ಲ, ಹಾಗಾಗಿ ಎರಡರಲ್ಲಿ ಜಾಸ್ತಿ ಇರುವ ಸಂಖ್ಯೆಗೇ ತುಂಬಿಸಿಡಬೇಕು. ರಸ್ತೆ ಬದಿಯಲ್ಲಿ ಹೆಚ್ಚಿನ ಗಾಳಿಯನ್ನು ಒಂದು ಕಡ್ಡಿಯಿಂದ ವಾಲ್ವ್ ಒತ್ತಿ ಇಳಿಸಬಹುದು, ಕಡಿಮೆ ಇದ್ದರೆ ಬಾಯಿಂದ ಊದೋಕಾಗಲ್ಲ. ಈಗ ಅದರಲ್ಲಿ 65 ಇದೆ.